ನದಿಗೆ ಟಿಕೆಟ್ ತೆಗೆದವರು

ಕುಳುಕ್, ಕುಳುಕ್. ಬಾಯಿ ಕಟ್ಟಿದ ತಾಮ್ರದ ಕೊಡದೊಳಗೆ ನೀರು ಅಲುಗುವ ಸದ್ದು. ಲಕ್ಕವಳ್ಳಿಯಿಂದ ತರೀಕೆರೆಗೆ ಬರುವ ಬಸ್ಸು ತಿರುವು ಬಂದಲ್ಲೆಲ್ಲ ವಾಲುತ್ತಿತ್ತು. ವಾಲಿದಾಗಲೆಲ್ಲ ನನ್ನ ಮುಂದಿನ ಸೀಟಿನಿಂದ ಆ ಸದ್ದು ಬರುತ್ತಿತ್ತು. ಎಂಜಿನ್ನಿನ ಅಬ್ಬರದಲ್ಲಿ ಅದು ಕೇಳಿಸಬಾರದು. ಆದರೆ ಬಸ್ಸಿನಲ್ಲಿದ್ದ ನಮ್ಮೂರಿನವರೆಲ್ಲ ಮಾತು ನಿಲ್ಲಿಸಿ ಅದೊಂದನ್ನೇ ಕೇಳುತ್ತ ಕೂತಿದ್ದೆವು.

ಕೊಡ ಸೀಟಿನ ಮೇಲೆ, ಕಿಟಕಿಯ ಪಕ್ಕದಲ್ಲಿ ಕೂತಿತ್ತು. ಅದರ ಕತ್ತಿನ ಸುತ್ತ ಕೈ ಹಾಕಿಕೊಂಡು, ಮೊದಲ ಸಲ ಬಸ್ಸು ಹತ್ತಿದ ಮೊಮ್ಮಗಳನ್ನು ಹಿಡಿದುಕೊಂಡವರ ಹಾಗೆ ಕೂತಿದ್ದವರು ಅವರು. ಕಂಡಕ್ಟರ್ ಬಂದು ಗದರಿದ.

"ಏನ್ ಯಜಮಾನ್ರೇ, ಕೊಡ ಕೆಳಗಿಡಿ. ಜನ ನಿಂತವ್ರೆ ಕಾಣಾಕಿಲ್ವಾ?"

"ಅದಕ್ಕೂ ಒಂದು ಟಿಕೆಟ್ ಹರಿಯಪ್ಪ."

"ಕೊಡಕ್ಕಾ?"

"ಕೊಡಕ್ಕಲ್ಲ ಕಣೋ, ಭದ್ರಮ್ಮಂಗೆ. ಹೊಳೇನ ಕಾಲ ಕೆಳಗೆ ಇಡೋಕಾಗ್ತದಾ?"

ಕಂಡಕ್ಟರ್ ಕೂಡ ಘಾಟಿ. "ಫುಲ್ಲೋ, ಹಾಫೋ?" ಎಂದ.

"ಫುಲ್ಲೇ ಕೊಡು. ಅವಳ ವಯಸ್ಸು ನಿಂಗೊತ್ತಾ, ನಂಗೊತ್ತಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ. ಟಿಕೆಟನ್ನು ಕೋಟಿನ ಒಳಜೇಬಿಗೆ ಜೋಪಾನವಾಗಿ ಇಟ್ಟುಕೊಂಡರು.

ಅವರ ಹೆಸರು ನಾನು ಬರೆಯುವುದಿಲ್ಲ. ಊರಿನಲ್ಲೂ ಯಾರೂ ಹೆಸರು ಹಿಡಿಯುತ್ತಿರಲಿಲ್ಲ. ಯಾವ ಕಾಲದಲ್ಲೋ ಪಂಚಾಯ್ತಿಗೆ ಪ್ರೆಸಿಡೆಂಟ್ ಆಗಿದ್ದರು. ಕುರ್ಚಿ ಹೋದ ಮೇಲೂ ಪ್ರೆಸಿಡೆಂಟ್ರು ಅನ್ನುವುದು ಉಳಿದುಕೊಂಡಿತು. ಕೊಬ್ಬರಿ ವ್ಯಾಪಾರದ ಮನೆತನ, ಹಣೆಯ ತುಂಬ ವಿಭೂತಿ, ಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಅಜ್ಜಂಪುರಕ್ಕೂ ಕಡೂರಿಗೂ ನಡುವೆ, ರೈಲು ಹಳಿಯ ಪಕ್ಕದ ಆ ಊರಿಗೆ ನಾನು ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ನಮ್ಮ ಡಾಕ್ಟರಿಗೆ, ಅಂದರೆ ನಮ್ಮ ಯಜಮಾನರಿಗೆ, ಅಲ್ಲಿಯ ಸರ್ಕಾರಿ ಡಿಸ್ಪೆನ್ಸರಿಗೆ ಪೋಸ್ಟಿಂಗ್ ಆಗಿತ್ತು. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಗ್ರಾಮರ್ ಕಲಿತವಳು ನಾನು. ಮದುವೆಯಲ್ಲಿ ಅಪ್ಪ ಕೊಟ್ಟ ಪೋರ್ಟಬಲ್ ಟೈಪ್‌ರೈಟರ್ ಬಿಟ್ಟರೆ ಆ ಊರಿಗೆ ಉಪಯೋಗಕ್ಕೆ ಬರುವಂಥದ್ದೇನೂ ನನ್ನ ಹತ್ತಿರ ಇರಲಿಲ್ಲ. ಪ್ರೆಸಿಡೆಂಟ್ರು ಅದನ್ನು ಮೊದಲ ವಾರದಲ್ಲೇ ಪತ್ತೆ ಹಚ್ಚಿದರು.

"ಮೆಮೋರಾಂಡಮ್ಮು ಬರೀಬೇಕಲ್ಲ ಇಂಗ್ಲಿಷಮ್ಮ" ಎನ್ನುತ್ತ ಜಗಲಿಗೆ ಬಂದು ಕೂರುವರು. ನಾನು ನೀರು ಕೊಟ್ಟರೆ ಲೋಟ ನೋಡಿ ಹುಬ್ಬು ಏರಿಸುವರು. ಆ ಊರಿನಲ್ಲಿ ಯಾರ ಮನೆಗೆ ಹೋದರೂ ಅರ್ಧ ಲೋಟ ನೀರು ಕೊಡುವುದು ರೂಢಿ. ಬೇಕಾದರೆ ಇನ್ನರ್ಧ ಕೇಳಬೇಕು. ಹೊಸಬಳಾದ ನಾನು ತುಂಬಿಸಿ ಕೊಡುತ್ತಿದ್ದೆ. "ಹೀಗೆ ಕೊಟ್ರೆ ನಿಮ್ಮನ್ನ ದುಂದುಗಾರ್ತಿ ಅಂತಾರಮ್ಮ" ಎಂದು ಅರ್ಧವನ್ನು ನಮ್ಮ ಕರಿಬೇವಿನ ಗಿಡದ ಬುಡಕ್ಕೆ ಹುಷಾರಾಗಿ ಹಾಕುವರು.

ಅವರಿಗೆ ಬೇಕಾದ ಇಂಗ್ಲಿಷ್ ನನ್ನ ಸಿಸ್ಟರ್‌ಗಳು ಕಲಿಸಿದ್ದಲ್ಲ. ನಾನು ಸರಳವಾಗಿ, ವೀ ಹ್ಯಾವ್ ನೋ ವಾಟರ್, ಎಂದು ಶುರು ಮಾಡಿದರೆ ಅವರಿಗೆ ಸಿಟ್ಟು.

"ಅಷ್ಟೇನಾ? ಎರಡು ಗಟ್ಟಿ ಶಬ್ದ ಹಾಕ್ರಮ್ಮ."

"ಅರ್ಥ ಆಗಬೇಕಲ್ಲ ಪ್ರೆಸಿಡೆಂಟ್ರೇ."

"ಅರ್ಥ ಆಗೋ ಇಂಗ್ಲಿಷ್‌ಗೆ ಯಾವ ಆಫೀಸರ್ ಹೆದರ್ತಾನೆ?"

ಕೇಳುತ್ತಿದ್ದದ್ದು ಒಂದೇ. ನಮ್ಮ ಊರಿಗೆ ಭದ್ರಾ ನೀರು. ಲಕ್ಕವಳ್ಳಿಯ ಡ್ಯಾಮಿನಿಂದ ನಾಲೆ ತರೀಕೆರೆಯ ಕಡೆಯಿಂದ ಬೇರೆ ಸೀಮೆಗೆ ಹರಿದು ಹೋಗುತ್ತಿತ್ತು. ನಮ್ಮ ಕಡೆಯ ನೆಲ ಎತ್ತರ. ನೀರನ್ನು ಮೇಲೆತ್ತಿ ನಮ್ಮಂಥ ಊರುಗಳ ಒಣ ಕೆರೆಗೆ ತುಂಬಿಸಬಹುದು ಎಂದು ಯಾರೋ ಎಂಜಿನಿಯರು ಯಾವುದೋ ಮೀಟಿಂಗಿನಲ್ಲಿ ಹೇಳಿದ್ದನಂತೆ. ಕುಡಿಯುವ ನೀರಿಗೇ ಗತಿಯಿಲ್ಲದ ಊರುಗಳಿಗೆ ಮೊದಲು ಎಂದೂ ಹೇಳಿದ್ದನಂತೆ. ಅಷ್ಟು ಸಾಕಾಯಿತು. ಅವರು ಸಮಿತಿ ಕಟ್ಟಿದರು. ವರ್ಷಕ್ಕೊಂದು ಸಲ, ನಾಲೆಗೆ ನೀರು ಬಿಡುವ ಹೊತ್ತಿಗೆ, ಸಮಿತಿಯವರು ಲಕ್ಕವಳ್ಳಿಗೆ ಹೋಗಿ ಒಂದು ಕೊಡ ನೀರು ತಂದು, ಅರಿಸಿನ ಕುಂಕುಮ ಹಚ್ಚಿ, ನಮ್ಮ ಕೆರೆಯಂಗಳಕ್ಕೆ ಸುರಿಯುವುದು. ಬಿರುಕು ಬಿಟ್ಟ ನೆಲ ಅದನ್ನು ಸುಂಯ್ ಎಂದು ಎಳೆದುಕೊಳ್ಳುತ್ತಿತ್ತು. "ಇದು ಯಾಕೆ ಪ್ರೆಸಿಡೆಂಟ್ರೇ?" ಎಂದು ಕೇಳಿದೆ ಒಮ್ಮೆ. "ಹೋಗಿ ಬಂದು ಮಾಡ್ದಿದ್ರೆ ನೆಂಟಸ್ತಿಕೆ ಎಲ್ಲಮ್ಮ ಉಳಿಯುತ್ತೆ?" ಎಂದರು. ಅವರ ಮಟ್ಟಿಗೆ ಸಂಬಂಧ ಆಗಲೇ ಕುದುರಿಯಾಗಿತ್ತು. ನೀರು ಬರುವುದೊಂದೇ ಬಾಕಿ.

ನಾಲೆ ಯಾವ ದಾರಿಯಲ್ಲಿ ಬರಬೇಕು ಎನ್ನುವುದೂ ಅವರ ತಲೆಯಲ್ಲಿ ತೀರ್ಮಾನವಾಗಿತ್ತು. ಊರ ಆಚೆಯ ಹೊಲದ ದಾರಿಯಲ್ಲಿ ನಡೆಯುವಾಗ ಒಂದು ಕಡೆ ಪಂಚೆ ಎತ್ತಿ ಉದ್ದಕ್ಕೆ ಹೆಜ್ಜೆ ಹಾಕಿ ದಾಟುವರು. ಅಲ್ಲಿ ಏನೂ ಇಲ್ಲ, ಬರೀ ನೆಲ. ನಾಲೆ ಬರುವ ಜಾಗ! ಜೊತೆಯಲ್ಲಿ ಹೋಗುವವರು ನಗಾಡುತ್ತಿದ್ದರು. ಆಮೇಲಾಮೇಲೆ ನಗಾಡುತ್ತಿದ್ದವರೂ ಗೊತ್ತಿಲ್ಲದೆ ಅಲ್ಲಿ ಉದ್ದ ಹೆಜ್ಜೆ ಹಾಕತೊಡಗಿದರು. ಬಿಲೀವ್ ಮೀ, ನಾನೂ ಹಾಕಿದ್ದೇನೆ, ಸೀರೆಯ ನೆರಿಗೆ ಹಿಡಿದುಕೊಂಡು. ಕೂಲಿಗಾಗಿ ಕಾಳು ಯೋಜನೆ ಬಂದಾಗ ಪಂಚಾಯ್ತಿ ಏನು ಕೆಲಸ ಹಾಕಿಕೊಂಡಿತು ಅಂತೀರಿ? ಬಾರದ ನಾಲೆಗೆ ಒಂದು ಸೇತುವೆ. ಕಲ್ಲು ಕಟ್ಟಿ, ಎರಡು ಕಡೆ ಕೂರಲು ಕಟ್ಟೆ ಮಾಡಿ, ಚೆಂದಕ್ಕೆ ಕಟ್ಟಿದರು. ಕೆಳಗೆ ಆಡುಗಳು ಮಲಗುತ್ತಿದ್ದವು.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ತಮಾಷೆಯ ಮನುಷ್ಯ ಎಂದು ನೆನೆದು ಸುಮ್ಮನಾಗುತ್ತಿದ್ದೆ.

ಬ್ಲಾಕ್ ಆಫೀಸಿನಿಂದ ಬೋರ್‌ವೆಲ್ ಕೊಡುತ್ತೇವೆ ಎಂದು ಬಂದರು. ಸುತ್ತಲಿನ ಊರುಗಳು ಕೈಯೊಡ್ಡಿ ತೆಗೆದುಕೊಂಡವು. ನಮ್ಮೂರು ಬೇಡ ಎಂದಿತು. ಅವರು ಸ್ಕೂಲಿನ ಜಗಲಿಯಲ್ಲಿ ಸಭೆ ಸೇರಿಸಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಬಾಗಿಲಲ್ಲಿ ಉಪ್ಪಿಟ್ಟು ಕೊಡ್ತಾವ್ರೆ, ಬ್ಯಾಡ ಅನ್ನಿ. ತಿಂದ್ರೋ, ಒಳಗೆ ಪಂಕ್ತೀಲಿ ನಮ್ಮೆಲೆ ಇರಾಕಿಲ್ಲ. ಬೋರ್ ಕೊಟ್ಟಾಯ್ತಲ್ಲ, ಇನ್ಯಾಕೆ ಹೊಳೆ ಅಂತಾರೆ. ತಡ್ಕೊಳ್ರಪ್ಪ, ಇನ್ನೊಂದು ಸ್ವಲ್ಪ ದಿನ ತಡ್ಕೊಳ್ಳಿ."

ಎಲ್ಲರೂ ಕೈ ಎತ್ತಿದರು. ಎತ್ತುವಾಗ ಅವರ ಮುಖದಲ್ಲಿ ಒಂಥರಾ ಹೆಮ್ಮೆಯಿತ್ತು, ಪರೀಕ್ಷೆಗೆ ಕೂತವರ ಹಾಗೆ. ಅಲ್ಲಿಂದ ಮುಂದೆ ನಾವು ನಮ್ಮ ಬಾಯಾರಿಕೆಯನ್ನು ಸರ್ಟಿಫಿಕೇಟಿನ ಹಾಗೆ ಜತನದಿಂದ ಕಾಪಾಡಿಕೊಂಡು ಬಂದೆವು. ಯಾರಾದರೂ ಅಧಿಕಾರಿಯ ಜೀಪು ಬರುವ ಸುದ್ದಿ ಬಂದರೆ ಹೆಂಗಸರು ಖಾಲಿ ಕೊಡಗಳನ್ನು ತಂದು ಬೀದಿಯಲ್ಲಿ ಸಾಲಾಗಿ ಇಡುವುದು. ಒಂದಿಷ್ಟು ನೀರಿದ್ದ ಕೊಡ ಒಳಗೆ, ಕಂಬಳಿ ಮುಚ್ಚಿ. ಸುಳ್ಳೇನಲ್ಲ ಅದು. ಕಂಬಳಿಯ ಕೆಳಗೂ ಹೆಚ್ಚೇನು ಇರುತ್ತಿರಲಿಲ್ಲ.

ಆದರೆ ತಡೆದುಕೊಳ್ಳುವುದು ಎಲ್ಲರಿಗೂ ಒಂದೇ ಸಮವಾಗಿರಲಿಲ್ಲ. ಪೇಟೆ ಬೀದಿಯ ಮನೆಗಳಿಗೆ ಹಿತ್ತಲ ಬಾವಿಯಿತ್ತು, ತಳದಲ್ಲಿ ಒಂದಷ್ಟು ನೀರಿತ್ತು. ಗುಡ್ಡದ ಮಗ್ಗುಲಿನ ಕಾಲೋನಿಗೆ ಬಾವಿಯಿಲ್ಲ. ಅಲ್ಲಿದ್ದವರು ಬೌದ್ಧರಾದ ಹಳೆಯ ಕುಟುಂಬಗಳು. ಅವರ ಹೆಣ್ಣುಮಕ್ಕಳು ಒಣಗಿದ ಕೆರೆಯಂಗಳದಲ್ಲಿ ಗುಂಡಿ ತೋಡಿ, ಒರತೆ ಒಸರುವವರೆಗೆ ಕಾದು, ತೆಂಗಿನ ಚಿಪ್ಪಿನಲ್ಲಿ ಮೊಗೆದುಕೊಳ್ಳುತ್ತಿದ್ದರು. ಆ ಕಾಲೋನಿಯ ಸರೋಜ ಬಾಲವಾಡಿಯ ಟೀಚರ್. ತೆಳ್ಳಗಿನ ಹುಡುಗಿ, ಯಾವಾಗಲೂ ಬಿಳಿ ಸೀರೆ, ಗಟ್ಟಿ ದನಿ. ಒಂದು ಬೇಸಿಗೆಯ ಸಭೆಯಲ್ಲಿ ಎದ್ದು ನಿಂತಳು.

"ಪ್ರೆಸಿಡೆಂಟ್ರೇ, ಒಂದ್ಮಾತು. ಬೋರ್ ಬ್ಯಾಡ ಅಂತ ಕೈ ಎತ್ತಿದ್ರಲ್ಲ, ಅದ್ರಾಗೆ ಕಾಲೋನಿ ಕೈ ಇದ್ವಾ?"

"ನಿಮ್ಮನ್ನ ಬಿಟ್ಟು ನಾನೇನಾದ್ರೂ ಮಾಡೀನೇನವ್ವ? ಹೊಳೆ ಬಂದ್ರೆ ಮೊದ್ಲು ಹಾಯೋದೇ ನಿಮ್ಮ ಮನೆ ಮುಂದೆ."

"ಹಾಯ್ಲಿ. ಅಲ್ಲೀಗಂಟ ನಮ್ಮ ಮಕ್ಳು ಕೆಸ್ರು ಸೋಸ್ಕೊಂಡು ಕುಡೀಬೇಕಾ?"

"ನಮ್ಮನೆ ಬಾವಿ ಇಲ್ವಾ? ಬನ್ನಿ ಅಂತ ನಾನೇ ಹೇಳಿ ಕಳಿಸ್ಲಿಲ್ವಾ?"

"ಬಂದಿದ್ವಲ್ಲ. ಅಮ್ಮಾವ್ರು ಮೇಲೆ ನಿಂತು ಸೇದಿ ಹುಯ್ದ್ರು, ನಾವು ಕೆಳಗೆ ನಿಂತು ಕೊಡ ಒಡ್ಡಿದ್ವಿ. ಹಗ್ಗ ನಮ್ಮ ಕೈಗೆ ಬರ್ಲಿಲ್ಲ. ನಿಮ್ಮ ಹೊಳೆನೂ ಹಂಗೇನಾ ಬರೋದು?"

ಹಿಂದಿನಿಂದ ಯಾರೋ ಕೂಗಿದರು. "ಲೇ, ಟೀಚರಮ್ಮ ಆದ್ಮೇಲೆ ಬಾಯಿ ಜಾಸ್ತಿ ಆತು ಕಣೇ ನಿಂಗೆ!"

ಅವರು ಕೈಯೆತ್ತಿದರು. "ಸುಮ್ನಿರಲೇ. ಅವಳು ಕೇಳಿದ್ದು ನನ್ನನ್ನ." ಆಮೇಲೆ ಕೋಟಿನ ಗುಂಡಿಯನ್ನು ಬಿಚ್ಚುವುದು, ಹಾಕುವುದು, ಬಿಚ್ಚುವುದು. ಸಭೆ ಹಾಗೇ ಚದುರಿತು. ಬೋರ್ ಬೇಡ ಎನ್ನುವುದು ಉಳಿದುಕೊಂಡಿತು.

ಮರುವರ್ಷದ ಬೇಸಿಗೆಯಲ್ಲಿ ಕಾಲೋನಿಯಲ್ಲಿ ವಾಂತಿಭೇದಿ ಶುರುವಾಯಿತು. ನಮ್ಮ ಡಾಕ್ಟರು ಸಲೈನ್ ಬಾಟಲಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೇಲೆ ಕೆಳಗೆ ಓಡಾಡಿದರು. ಹಲವರು ಉಳಿದರು. ಸರೋಜಳ ಅಕ್ಕನ ಮಗಳು, ಇನ್ನೂ ಬಾಲವಾಡಿಗೆ ಹೋಗುತ್ತಿದ್ದ ಮಗು, ಉಳಿಯಲಿಲ್ಲ. ಡಾಕ್ಟರು ಮನೆಗೆ ಬಂದು ಊಟ ಬೇಡ ಎಂದರು. "ಪ್ಲೇನ್ ವಾಟರ್" ಎಂದರು ಇಂಗ್ಲಿಷಿನಲ್ಲಿ, "ಅಷ್ಟು ಕ್ಲೀನಾಗಿದ್ದಿದ್ರೆ ಸಾಕಿತ್ತು."

ಮಣ್ಣು ಮಾಡಿ ಬಂದ ಮೇಲೆ ನಾವಿಬ್ಬರೂ ಕಾಲೋನಿಗೆ ಹೋಗಿದ್ದೆವು. ಅಷ್ಟರಲ್ಲಿ ಪ್ರೆಸಿಡೆಂಟ್ರು ಬಂದರು, ಒಬ್ಬರೇ. ಆ ಇಳಿಜಾರಿನ ಹಾದಿಯನ್ನು ಅವರು ಅದಕ್ಕೆ ಮೊದಲು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಮನೆಯೊಳಗೆ ಬುದ್ಧನ ಪಟದ ಮುಂದೆ ಸಣ್ಣ ದೀಪ; ಹೊರಗೆ ಚಪ್ಪರದ ಕೆಳಗೆ ಹೆಂಗಸರು. ಅವರು ಚಪ್ಪಲಿ ಬಿಟ್ಟು, ಮಡಚಿದ ಕೊಡೆಯ ಮೇಲೆ ಭಾರ ಹಾಕಿ ನಿಂತರು. ಯಾರೂ ಕೂರಿ ಎನ್ನಲಿಲ್ಲ. ಸರೋಜ ಎದ್ದು ಒಳಗೆ ಹೋಗಿ ಲೋಟ ತಂದು ಅವರ ಮುಂದೆ ಹಿಡಿದಳು. ತುಂಬಿದ ಲೋಟ. ಕೆಮ್ಮಣ್ಣಿನ ಬಣ್ಣ.

"ಇದೇ ಪ್ರೆಸಿಡೆಂಟ್ರೇ, ನಾವು ಕುಡಿಯೋದು."

ಬೇಡ ಎನ್ನಲು ನಮ್ಮ ಡಾಕ್ಟರು ಬಾಯಿ ತೆರೆದರು. ಅಷ್ಟರಲ್ಲಿ ಅವರು ಲೋಟ ತೆಗೆದುಕೊಂಡಾಗಿತ್ತು. ಎತ್ತಿ ಕುಡಿಯಲಿಲ್ಲ, ತುಟಿಗೆ ಹಚ್ಚಿ, ಒಂದೊಂದೇ ಗುಟುಕು, ತಳದ ಗಸಿಯವರೆಗೂ ಕುಡಿದರು. ಕುಡಿದು ಲೋಟವನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಆ ಊರಿನಲ್ಲಿ ಆ ಮನೆತನದ ಗಂಡಸು ಆ ಮನೆಯ ಲೋಟ ಮುಟ್ಟುವುದೆಂದರೆ ಏನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಯಾರಿಗೂ ಅದರಿಂದ ಸಮಾಧಾನವಾಗಲಿಲ್ಲ. ಹೌ ಕುಡ್ ಇಟ್? ಮಗು ಮಲಗುತ್ತಿದ್ದ ಚಾಪೆ ಖಾಲಿಯಾಗಿಯೇ ಇತ್ತು.

ಮರುದಿನ ಬೆಳಗ್ಗೆ ನಮ್ಮ ಜಗಲಿಗೆ ಬಂದರು. ಮೈಯಲ್ಲಿ ಹುಷಾರಿರಲಿಲ್ಲ, ಕಣ್ಣು ಗುಳಿ ಬಿದ್ದಿತ್ತು. "ಬರೀರಿ ಇಂಗ್ಲಿಷಮ್ಮ. ಬೋರ್ ಬೇಕು ಅಂತ. ಕಾಲೋನೀಲೇ ಹಾಕಬೇಕು ಅಂತ." ನಾನು ಟೈಪ್ ಮಾಡಿದೆ. ಕೊನೆಯ ಸಾಲಿಗೆ ಬಂದಾಗ ತಡೆದರು. "ಬೋರ್ ಇಸ್ಕೊಂಡ್ರೂ ಹೊಳೆ ಮೇಲಿನ ಹಕ್ಕು ಬಿಟ್ಟಿಲ್ಲ, ಅನ್ನೋದಕ್ಕೆ ಏನಾದ್ರೂ ಶಬ್ದ ಐತಾ ನಿಮ್ಮಲ್ಲಿ?"

ನಮ್ಮ ತಂದೆ ವಕೀಲರು. "ವಿದೌಟ್ ಪ್ರೆಜುಡಿಸ್ ಅಂತಾರೆ" ಎಂದೆ.

ಅವರಿಗೆ ಅದು ಬಹಳ ಹಿಡಿಸಿತು. ಮೆಟ್ಟಿಲು ಇಳಿಯುತ್ತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು, ಜಪದ ಹಾಗೆ. ವಿದೌಟ್ ಪ್ರೆಜುಡಿಸ್ಸು, ವಿದೌಟ್ ಪ್ರೆಜುಡಿಸ್ಸು.

ಲಾರಿಯ ಮೇಲೆ ಬೋರ್ ಕೊರೆಯುವ ರಿಗ್ಗು ಬಂತು. ಪೇಟೆ ಬೀದಿಯವರು, ಮೊದಲು ಕಾಲೋನಿಗಾ, ಎಂದು ಮುಖ ತಿರುಗಿಸಿದರು. ಪ್ರೆಸಿಡೆಂಟ್ರು ಅವರ ಕಡೆ ತಿರುಗಿಯೂ ನೋಡಲಿಲ್ಲ. ನೀರು ಬಿತ್ತು. ಹ್ಯಾಂಡ್ ಪಂಪು ಕೂರಿಸಿದರು. ಹೆಂಗಸರು ಸರದಿಯಲ್ಲಿ ನಿಂತು ತಾವೇ ಒತ್ತಿ, ತಾವೇ ತುಂಬಿಕೊಂಡರು. ಸರೋಜ ಬೊಗಸೆಯಲ್ಲಿ ಹಿಡಿದು ಮುಖ ತೊಳೆದುಕೊಂಡು ಅತ್ತಳು. ನಾನೂ ಅತ್ತೆ. ಅವರು ದೂರದಲ್ಲಿ ಕೊಡೆ ಹಿಡಿದು ನಿಂತಿದ್ದರು, ಮಗಳನ್ನು ಕೊಟ್ಟು ಕಳಿಸಿದ ಮನೆಯವರ ಹಾಗೆ.

ಎಂಬತ್ತರ ದಶಕ ಬಂತು. ಹೊಳೆ ನೀರು ಎತ್ತುವ ಯೋಜನೆಯ ಊರುಗಳ ಪಟ್ಟಿ ತೀರ್ಮಾನವಾಗಿದೆಯಂತೆ ಎಂದು ಸುದ್ದಿ. ಕಡೂರಿಗೆ ಹೋಗಿ ವಿಚಾರಿಸಲು ಇಂಗ್ಲಿಷಿಗೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಆಫೀಸಿನ ಸಾಹೇಬರು ಚಿಕ್ಕ ವಯಸ್ಸಿನವರು, ಒರಟರಲ್ಲ. ಕುರ್ಚಿ ಕೊಟ್ಟರು. ಊರಿನ ಹೆಸರು ಕೇಳಿ ಹಾಳೆಗಳನ್ನು ತಿರುವಿದರು.

"ನಿಮ್ಮೂರು ಕವರ್ಡ್ ವಿಲೇಜ್ ಅಲ್ವಾ ಯಜಮಾನ್ರೇ. ಬೋರ್ ಇದೆಯಲ್ಲ. ಏನೂ ಇಲ್ಲದಿರೋ ಊರಿಗೆ ಮಾತ್ರ ಇದು."

"ನಾವು ಬರೆದು ಕೊಟ್ಟಿದ್ವಿ ಸ್ವಾಮಿ. ವಿದೌಟ್ ಪ್ರೆಜುಡಿಸ್ಸು."

ಸಾಹೇಬರು ನಕ್ಕರು. "ವಿದೌಟ್ ಪ್ರೆಜುಡಿಸ್ ಅಂದ್ರೆ ನೀರು ಗುಡ್ಡ ಹತ್ತುತ್ತೇನ್ರೀ?"

ನಾನು ಏನೇನೋ ವಾದಿಸಿದೆ, ನನ್ನ ಎಲ್ಲ ಇಂಗ್ಲಿಷನ್ನೂ ಅಲ್ಲಿ ಖರ್ಚು ಮಾಡಿದೆ. ಪ್ರೆಸಿಡೆಂಟ್ರು ಎದ್ದು ಕೈಮುಗಿದು ಹೊರಗೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ತೆಂಗಿನಕಾಯಿ ಮೂಟೆಗಳ ಮೇಲೆ ಕೂತರು. ಅವರು ಅಷ್ಟು ವರ್ಷ ಹೆದರಿದ್ದು ಅಕ್ಷರಶಃ ಹಾಗೇ ನಡೆದಿತ್ತು. ಊರೆಲ್ಲ ಹಟ ಎಂದದ್ದು, ನಾನು ಮನಸ್ಸಿನಲ್ಲಿ ಫೂಲಿಶ್‌ನೆಸ್ ಎಂದದ್ದು, ನಿಜವಾಗಿತ್ತು. ಸರೋಜ ಕೇಳಿದ್ದೂ ನಿಜವೇ. ಎರಡು ನಿಜಗಳ ನಡುವೆ ಒಂದು ಮಗು ಸತ್ತಿತ್ತು, ಒಂದು ನದಿ ಹೋಗಿತ್ತು.

ಬಸ್ಸು ಬಂದಾಗ ಹೇಳಿದರು. "ನಾನು ಹೇಳಿದ್ದೇ ಆಯ್ತು ಅಂತ ಊರಲ್ಲಿ ಬಾಯಿಬಿಡಬೇಡಿ ಇಂಗ್ಲಿಷಮ್ಮ. ಆ ಹುಡುಗಿ ತನ್ನಿಂದ ಆಯ್ತು ಅಂದ್ಕೋತಾಳೆ."

ಆಮೇಲೆ ಅವರು ಬೇಗ ಮುದುಕರಾದರು. ಸಮಿತಿಯಲ್ಲಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಮಳೆ ಮತ್ತೆ ಮತ್ತೆ ಕೈಕೊಟ್ಟಿತು. ಪೇಟೆಯ ಬಾವಿಗಳು ಪೂರ್ತಿ ಬತ್ತಿ, ಊರಿಗೆ ಊರೇ ಕಾಲೋನಿಯ ಪಂಪಿನ ಮುಂದೆ ನಿಂತಿತು. ಆ ಪಂಪು ಎಷ್ಟು ಒತ್ತಿದರೂ ಗಾಳಿ ಉಗುಳಿ, ಕೆಂಪು ನೀರು ಉಗುಳಿ, ಕೊನೆಗೊಂದು ದಿನ ಬರೀ ಕಬ್ಬಿಣ ಕಿರುಗುಟ್ಟಿತು. ಇನ್ನೊಂದು ಬೋರ್ ತೋಡಿದರು, ಧೂಳು ಬಂತು. ಅವರಿಗೆ ಹೇಳಿದರೆ "ನಾಲೆ ಬರ್ತದಲ್ಲ" ಎನ್ನುತ್ತಿದ್ದರು. ಮಾತು ಹಳೆಯದೇ. ಆದರೆ ಕಣ್ಣು ನಮ್ಮ ಮುಖದ ಮೇಲೆ ಇರುತ್ತಿರಲಿಲ್ಲ. ಕಡೂರಿಗೆ ಹೋಗಿ ಬಂದದ್ದು ಅವರ ನೆನಪಿನಿಂದ ಅಳಿಸಿ ಹೋಗಿತ್ತು. ಮನೆಯವರು ಕೋಟಿನ ಗುಂಡಿ ಹಾಕಿ ಕೂರಿಸಬೇಕಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಮಗೆ ವರ್ಗವಾಯಿತು. ಸಾಮಾನೆಲ್ಲ ಲಾರಿಯಲ್ಲಿ ಮೊದಲೇ ಹೋಗಿತ್ತು, ಡಾಕ್ಟರೂ ಅದರ ಜೊತೆ ಹೋಗಿದ್ದರು. ನಾನು ರೈಲ್ವೆ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಕಳಿಸಲು ಸರೋಜ ಬಂದಿದ್ದಳು. ತಲೆಯಲ್ಲಿ ಒಂದೆರಡು ನರೆ ಕಂಡಿತ್ತು. ಅವಳಾಗಿಯೇ ಮಾತು ತೆಗೆದಳು.

"ಕಡೂರಿನಾಗೆ ಏನಂದ್ರು ಅಂತ ನಂಗೊತ್ತಮ್ಮ. ಆಗ್ಲೇ ಗೊತ್ತಾಯ್ತು."

"ಯಾರು ಹೇಳಿದ್ರು?"

"ಯಾರೋ. ಅವರು ಮಾತ್ರ ಯಾವತ್ತೂ ಅನ್ಲಿಲ್ಲ. ಒಂದ್ಸಲ ಬೈದಿದ್ರೆ ಹಗುರಾಗ್ತಿತ್ತು."

ಆ ಹೊತ್ತಿಗೆ ಹಳಿಯ ಆಚೆ ಒಂದು ಜೀಪು ನಿಂತಿತು. ಇಳಿದವರು ರೈಲ್ವೆಯವರು; ಲೈನು ಅಗಲ ಮಾಡುವುದಕ್ಕೆ ಅಳತೆ ಮಾಡಲು ಬಂದವರು. ಕೆಂಪು ಬಿಳಿ ಪಟ್ಟಿಯ ಕೋಲುಗಳು, ಸರಪಣಿ, ಮೂರು ಕಾಲಿನ ದುರ್ಬೀನು ಇಳಿಸುತ್ತಿದ್ದರು. ಹೊಲದ ಕಡೆಯಿಂದ ಪ್ರೆಸಿಡೆಂಟ್ರು ಬರುವುದು ಕಾಣಿಸಿತು. ಕೋಟಿನ ಗುಂಡಿ ಅಡ್ಡಾದಿಡ್ಡಿ, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಓಡುತ್ತಲೇ ಇದ್ದರು ಎನ್ನಬೇಕು, ಆ ವಯಸ್ಸಿಗೆ.

"ಬಂದ್ರಾ? ಬಂದ್ರಾ ಸ್ವಾಮಿ?" ಕೋಲು ಹಿಡಿದವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆ ಕಡೆಯಿಂದ ಬ್ಯಾಡಿ, ಅಲ್ಲಿ ಬಂಡೆ ಸಿಗ್ತದೆ. ಹಿಂಗೆ ಬನ್ನಿ, ನಾನು ತೋರಿಸ್ತೀನಿ. ನಾಲೆ ಕಾಲೋನಿ ಮುಂದ್ಲಿಂದ ತರ್ಬೇಕು. ಮಾತು ಕೊಟ್ಟಿದೀನಿ."

ಹೇಳಿ, ತಿರುಗಿ, ಹೊಲದ ಮೇಲೆ ಮುಂದೆ ಮುಂದೆ ನಡೆದರು. ನಡೆಯುತ್ತಲೇ ಕೈಬೀಸಿ ಕರೆಯುತ್ತಿದ್ದರು, ಹಿಂದೆ ನೋಡದೆ. ಎಲ್ಲರೂ ಬೆನ್ನ ಹಿಂದೆಯೇ ಬರುತ್ತಿದ್ದಾರೆ ಎಂಬ ಭರವಸೆಯಲ್ಲಿ ಮಾತಾಡುತ್ತಲೂ ಇದ್ದರು. ಅಳತೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೋಲು ಹೆಗಲಿಗೇರಿಸಿ, ಹಳಿಯ ಪಕ್ಕ ಇನ್ನೊಂದು ದಿಕ್ಕಿಗೆ ಹೊರಟರು. ಕೊನೆಯವನು ನಮ್ಮ ಹತ್ತಿರ ನಿಂತು ಕೇಳಿದ.

"ಯಾರಮ್ಮ ಆ ಮುದುಕ?"

"ನಮ್ಮ ಪ್ರೆಸಿಡೆಂಟ್ರು" ಎಂದಳು ಸರೋಜ.

ನಾನು ಕೂಗಲು ಹೋದೆ. ಅವಳು ನನ್ನ ತೋಳು ಹಿಡಿದಳು. "ಕರೀಬ್ಯಾಡಿ ಅಮ್ಮ. ಹಿಂದೆ ತಿರುಗಿದ್ರೆ ನೋಡ್ಬಿಡ್ತಾರೆ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟು ದಾಟಿ ಹೊಲಕ್ಕೆ ಇಳಿದಳು. ಬಸ್ಸು ಹತ್ತಿ ಹಿಂದಿನ ಗಾಜಿನಲ್ಲಿ ನೋಡಿದೆ. ಅವರು ಇನ್ನೂ ಕೈ ಬೀಸುತ್ತ, ಏನೋ ಹೇಳುತ್ತ, ಗುಡ್ಡದ ಕಡೆ ನಡೆಯುತ್ತಿದ್ದರು. ಅವರ ಹಿಂದೆ, ಅವರಿಗೆ ಹೆಜ್ಜೆಯ ಸದ್ದು ಕೇಳುವಷ್ಟು ದೂರದಲ್ಲಿ, ಅವಳೊಬ್ಬಳೇ ಹೋಗುತ್ತಿದ್ದಳು.